ಅಕ್ಷರರೂಪವೂ ಪಾಠಪ್ರಾಮಾಣ್ಯವೂ (ಜರ್ಮನರ ಮುರಿದಕ್ಷರ ಮತ್ತು ಚಾಮರಾಜನಗರ, ಗುಂಡ್ಲುಪೇಟೆಗಳ ಶಾಸನಗಳು)

೧

ಮೈಸೂರು ಸಂಸ್ಥಾನದ ಶಾಸನಗಳನ್ನು ಬಿ. ಎಲ್. ರೈಸ್ ಮಹಾಶಯರು ಸಂಗ್ರಹಿಸಿ ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ' ಗ್ರಂಥಮಾಲೆಯ ನಾಲ್ಕನೆಯ ಸಂಪುಟವು ೧೮೯೮ರಲ್ಲಿ ಹೊರಬಂದಿತು. ಅಂದಿನ ಮೈಸೂರು ಜಿಲ್ಲೆಯ ಎರಡನೆಯ ಭಾಗವೆನಿಸಿದ ಈ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳು ಅಡಕವಾಗಿವೆ. ೧೯೯೭ರಲ್ಲಿ ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾದಮೇಲೂ, ೧೯೭೦ರ ದಶಕದಿಂದ ಮೈಸೂರು ವಿಶ್ವವಿದ್ಯಾನಿಲಯವು ಪರಿಷ್ಕೃತ ಸಂಪುಟಗಳನ್ನು ಪ್ರಕಟಿಸಿದಮೇಲೂ, ಆ ಸೀಮೆಯ ಚರಿತ್ರೆಯನ್ನು ಬರೆಯಹೊರಟವರಿಗೆಲ್ಲ ರೈಸರ ಪುಸ್ತಕವು ಆದ್ಯಾಧಾರವಾಗಿಯೇ ಉಳಿದಿದೆ. ಅಂತಹ ಉಪಕಾರವನ್ನು ಮಾಡಿದ ಗ್ರಂಥದಲ್ಲಿ ದೋಷವನ್ನು ಹುಡುಕುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಕಲ್ಲಿನ ಮೇಲಣ ಅಕ್ಷರವು ಅಚ್ಚಿನ ಮೊಳೆಗೆ ಇಳಿದಾಗ ಏನು ಉಳಿಯುತ್ತದೆ, ಏನು ಅಳಿಯುತ್ತದೆ, ಅಳಿದುದರಿಂದ ಪಾಠದ ಪ್ರಾಮಾಣ್ಯಕ್ಕೆ ಹಾನಿಯುಂಟೋ ಇಲ್ಲವೋ ಎಂಬುದನ್ನು ವಿಚಾರಿಸುವುದೊಂದೇ ಇಲ್ಲಿ ಉದ್ದಿಷ್ಟವಾದುದು.

ಈ ವಿಚಾರಕ್ಕೆ ಜರ್ಮನರ ಹಳೆಯ ಅಚ್ಚಿನಕ್ಷರವನ್ನು ದೃಷ್ಟಾಂತವಾಗಿ ತೆಗೆದುಕೊಂಡಿದ್ದೇನೆ. ಇದಕ್ಕೆ ಎರಡು ಕಾರಣಗಳು. ಮೊದಲನೆಯದು, ಕನ್ನಡದ ಹಳೆಯ ಕಾವ್ಯಗಳನ್ನೂ ಲಕ್ಷಣಗ್ರಂಥಗಳನ್ನೂ ಮೊದಮೊದಲು ಅಚ್ಚಿಗೆ ತಂದವರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಜರ್ಮನರು ಪ್ರಮುಖರು; ಅವರು ತಮ್ಮ ಬಾಲ್ಯದಲ್ಲಿ ಓದಲು ಕಲಿತದ್ದು ಈ ಅಕ್ಷರದಲ್ಲಿಯೇ. ಎರಡನೆಯದು, ಒಂದು ಜನಾಂಗವು ತನ್ನ ಲಿಪಿಯ ರೂಪವನ್ನು ಒಮ್ಮೆಗೇ ಬಿಟ್ಟುಬಿಟ್ಟರೆ ಏನಾಗುತ್ತದೆಂಬುದಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನವು ಬೇರೆ ದೊರೆಯುವುದು ಕಷ್ಟ.

೨

ಮೊದಲು ಪೂರ್ವಪಕ್ಷವನ್ನು ಹೇಳತಕ್ಕದ್ದು. ನಮ್ಮ ಶಾಸ್ತ್ರಗಳಲ್ಲಿ ಶಬ್ದಕ್ಕೆ ಇರುವ ಗೌರವವು ಲಿಪಿಗೆ ಇಲ್ಲ. ಮೀಮಾಂಸಕರು ವರ್ಣವು ನಿತ್ಯವೆಂದರು, ವೈಯಾಕರಣರು ಸ್ಫೋಟವೆಂದರು, ಇಬ್ಬರೂ ಹೇಳಿದ್ದು ಶ್ರೋತ್ರಕ್ಕೆ ಗೋಚರವಾಗುವ ವಿಷಯವನ್ನು ಕುರಿತೇ ಹೊರತು ಗೀಟುಗಳನ್ನು ಕುರಿತಲ್ಲ. ಪಾಣಿನೀಯ ಶಿಕ್ಷೆಯು ಬರೆದುದನ್ನು ನೋಡಿ ಓದುವವನನ್ನು ಅಧಮಪಾಠಕರ ಪಂಕ್ತಿಯಲ್ಲಿ ಕುಳ್ಳಿರಿಸಿದೆ. ಒಂದೇ ವೇದವನ್ನು ಗ್ರಂಥಲಿಪಿಯಲ್ಲಿ ಬರೆದರೂ ನಾಗರಿಯಲ್ಲಿ ಬರೆದರೂ ಕನ್ನಡದಲ್ಲಿ ಬರೆದರೂ ಅದು ಅದೇ ವೇದ. ಹೀಗಿರುವಲ್ಲಿ ಲಿಪಿಯು ಉಡುವ ವಸ್ತ್ರಕ್ಕೆ ಸಮಾನ. ವಸ್ತ್ರವನ್ನು ಬದಲಾಯಿಸಿದ ಮಾತ್ರಕ್ಕೆ ಪುರುಷನು ಬದಲಾಗಲಾರನು. ಆದಕಾರಣ ಶಾಸನವನ್ನು ಇಂದಿನ ಮೊಳೆಗಳಲ್ಲಿ ಅಚ್ಚುಮಾಡುವುದರಿಂದ ಯಾವ ನಷ್ಟವೂ ಇಲ್ಲವೆಂದು ವಾದಿಸಬಹುದು.

ಈ ವಾದವು ವೇದಕ್ಕೆ ಒಪ್ಪುತ್ತದೆ, ಕಾವ್ಯಕ್ಕೂ ಬಹುಮಟ್ಟಿಗೆ ಒಪ್ಪುತ್ತದೆ. ಅವು ಬಾಯಲ್ಲಿ ಹುಟ್ಟಿ, ಕಿವಿಯಲ್ಲಿ ನಿಂತು, ಅನಂತರ ಓಲೆಗೆ ಬಂದವು. ಶಾಸನದ ಸ್ಥಿತಿ ಹಾಗಲ್ಲ. ಅದು ಬರೆಯಿಸಿಕೊಳ್ಳುವುದಕ್ಕಾಗಿಯೇ ಹುಟ್ಟಿದ್ದು. ದಾನವನ್ನು ಕೊಟ್ಟವನ ಮಾತು ಗಾಳಿಯಲ್ಲಿ ಹೋದೀತೆಂಬ ಭಯದಿಂದಲೇ ಅದನ್ನು ಕಲ್ಲಿಗೆ ಒಪ್ಪಿಸಿದರು. ಅಕ್ಷರವು ಅಲ್ಲಿ ವಸ್ತ್ರವಲ್ಲ, ಶರೀರ. ಶರೀರದ ಲಕ್ಷಣಗಳಿಂದ ವಯಸ್ಸನ್ನೂ ದೇಶವನ್ನೂ ಊಹಿಸುವಂತೆ ಅಕ್ಷರದ ಲಕ್ಷಣಗಳಿಂದ ಶಾಸನದ ಕಾಲವನ್ನೂ ಬರಹಗಾರನ ಪರಂಪರೆಯನ್ನೂ ಊಹಿಸುತ್ತೇವೆ. ಇದೇ ನಾನು ಸಮರ್ಥಿಸಹೊರಟಿರುವ ಸಿದ್ಧಾಂತ.

೩

ದೃಷ್ಟಾಂತಕ್ಕೆ ಬರೋಣ. ಸುಮಾರು ೧೪೫೫ರಲ್ಲಿ ಗುಟೆನ್‌ಬೆರ್ಗನು ಮೈನ್ಟ್ಸ್ ನಗರದಲ್ಲಿ ಬೈಬಲನ್ನು ಅಚ್ಚುಮಾಡಿದಾಗ, ಅವನ ಮೊಳೆಗಳು ಅಂದಿನ ಲಿಪಿಕಾರರ ಲೇಖನಿಯ ಬರಹವನ್ನೇ ಅನುಕರಿಸಿದವು. ಅಗಲವಾದ ಮೊನೆಯ ಲೇಖನಿಯಿಂದ ಒತ್ತಾಗಿ ಬರೆದಾಗ ಪುಟವೆಲ್ಲ ಕಪ್ಪಾಗಿ ಕಾಣುವುದರಿಂದ ಇಂಗ್ಲಿಷರು ಈ ಜಾತಿಯ ಅಕ್ಷರಕ್ಕೆ ಕರಿಯಕ್ಷರವೆಂದು ಹೆಸರಿಟ್ಟರು. ಇದರೊಳಗೆ ಟೆಕ್ಸ್ಟೂರ, ರೊಟುಂಡ, ಶ್ವಾಬಾಖರ್, ಫ್ರಾಕ್ಟೂರ್ ಎಂದು ನಾಲ್ಕು ಮುಖ್ಯ ಪ್ರಭೇದಗಳುಂಟು. ಕೊನೆಯದಾದ ಫ್ರಾಕ್ಟೂರ್ ಚಕ್ರವರ್ತಿ ಮಾಕ್ಸಿಮಿಲಿಯನನ ಆಶ್ರಯದಲ್ಲಿ ರೂಪುಗೊಂಡಿತು. ೧೫೧೩ರ ಅವನ ಪ್ರಾರ್ಥನಾಪುಸ್ತಕವೂ ೧೫೧೭ರ 'ತೊಯರ್‌ಡಾಂಕ್' ಎಂಬ ಕಾವ್ಯವೂ ಅದರ ಆದಿಮ ಮಾದರಿಗಳು. ಆ ಹೆಸರು ಮುರಿಯುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ಲೇಖನಿಯು ವೃತ್ತವಾಗಿ ಹರಿಯದೆ ಕೋನಕೋನವಾಗಿ ಮುರಿದು ತಿರುಗುವುದೇ ಅದರ ಲಕ್ಷಣ. ಆದ್ದರಿಂದ ಇಲ್ಲಿ ಅದನ್ನು ಮುರಿದಕ್ಷರವೆಂದು ಕರೆಯುತ್ತೇನೆ.

ಇಟಲಿಯ ದುಂಡು ಅಕ್ಷರವು ಯೂರೋಪಿನ ಇತರ ದೇಶಗಳಲ್ಲಿ ಗೆದ್ದಮೇಲೂ ಜರ್ಮನರು ಮುರಿದಕ್ಷರವನ್ನು ನಾಲ್ಕು ಶತಮಾನಗಳ ಕಾಲ ಬಿಡಲಿಲ್ಲ. ಇದು ಕೇವಲ ಹಟವಲ್ಲ. ಅದರಲ್ಲಿ ಅರ್ಥವನ್ನು ತಿಳಿಸುವ ಎರಡು ಉಪಾಯಗಳಿದ್ದವು. ಸಕಾರಕ್ಕೆ ಅಲ್ಲಿ ಎರಡು ರೂಪಗಳು: ಪದದ ಆದಿಮಧ್ಯಗಳಲ್ಲಿ ಉದ್ದನೆಯದು, ಪದಾಂತದಲ್ಲಿಯೂ ಸಮಾಸದೊಳಗಿನ ಪೂರ್ವಪದದ ಅಂತ್ಯದಲ್ಲಿಯೂ ಗಿಡ್ಡನೆಯದು. ಜರ್ಮನ್ ಭಾಷೆಯು ಸಂಸ್ಕೃತದಂತೆ ಸಮಾಸಪ್ರಿಯವಾದುದು. ಕಾವಲುಕೋಣೆಯೆಂಬ ಅರ್ಥದ ಪದವನ್ನೂ ಮೇಣದ ಕೊಳವೆಯೆಂಬ ಅರ್ಥದ ಪದವನ್ನೂ ದುಂಡು ಅಕ್ಷರದಲ್ಲಿ ಬರೆದರೆ ಒಂದೇ ಆಗಿ ಕಾಣುತ್ತವೆ. ಮುರಿದಕ್ಷರದಲ್ಲಿ ಸಕಾರದ ಎತ್ತರವನ್ನು ನೋಡಿದೊಡನೆಯೇ ಪದವಿಭಾಗವು ತಿಳಿಯುತ್ತದೆ. ಪದಪಾಠದಲ್ಲಿ ಅವಗ್ರಹಚಿಹ್ನೆಯು ಮಾಡುವ ಕೆಲಸವನ್ನು ಅಲ್ಲಿ ಒಂದು ಅಕ್ಷರದ ಎತ್ತರವು ಮಾಡುತ್ತಿತ್ತು. ಎರಡನೆಯ ಉಪಾಯವೆಂದರೆ, ಜರ್ಮನ್ ವಾಕ್ಯದ ನಡುವೆ ಲ್ಯಾಟಿನ್ ಅಥವಾ ಫ್ರೆಂಚ್ ಪದವು ಬಂದರೆ ಅದನ್ನು ಮಾತ್ರ ದುಂಡು ಅಕ್ಷರದಲ್ಲಿ ಜೋಡಿಸುವುದು. ತತ್ಸಮವಾವುದು, ದೇಶ್ಯವಾವುದು ಎಂಬುದು ಓದುಗನ ಕಣ್ಣಿಗೇ ಗೋಚರವಾಗುತ್ತಿತ್ತು.

ಇದನ್ನು ವಿರೋಧಿಸಿದ ಪಂಡಿತರೂ ಅಲ್ಲಿಯೇ ಇದ್ದರು. ಯಾಕೋಬ್ ಗ್ರಿಮ್ಮನು ೧೮೫೪ರಲ್ಲಿ ತನ್ನ ಜರ್ಮನ್ ನಿಘಂಟಿನ ಮೊದಲ ಸಂಪುಟದ ಪೀಠಿಕೆಯಲ್ಲಿ ಮುರಿದಕ್ಷರವನ್ನು ಖಂಡಿಸಿ, ನಿಘಂಟನ್ನೇ ದುಂಡು ಅಕ್ಷರದಲ್ಲಿ ಅಚ್ಚುಹಾಕಿಸಿದನು. ೧೯೧೧ರಲ್ಲಿ ಈ ವಿವಾದವು ಜರ್ಮನ್ ಪ್ರತಿನಿಧಿಸಭೆಯವರೆಗೆ ಹೋಯಿತು. ಆದರೆ ತೀರ್ಮಾನವು ವಿದ್ವಾಂಸರ ಚರ್ಚೆಯಿಂದ ಆಗಲಿಲ್ಲ. ಮೊದಲು ಆ ಅಕ್ಷರವನ್ನು ಜನಾಂಗದ ಸ್ವತ್ತೆಂದು ಮೆರೆಸಿದ ನಾಟ್ಸಿ ಸರಕಾರವೇ, ೧೯೪೧ರ ಜನವರಿ ೩ರಂದು ಬೋರ್ಮನ್ನನ ಸುತ್ತೋಲೆಯ ಮೂಲಕ, ಅದು ಯಹೂದ್ಯರ ಅಕ್ಷರವೆಂಬ ಶುದ್ಧಸುಳ್ಳನ್ನು ಹೇಳಿ ಅದನ್ನು ಕೈಬಿಟ್ಟಿತು. ಶಾಲೆಗಳಲ್ಲಿ ಅದರ ಜೊತೆಗಿದ್ದ ಕೈಬರಹವೂ ನಿಂತುಹೋಯಿತು. ಇಂದು ಆ ಅಕ್ಷರವು ಪತ್ರಿಕೆಗಳ ಶಿರೋನಾಮದಲ್ಲಿಯೂ ಪಾನಗೃಹಗಳ ಹಲಗೆಗಳಲ್ಲಿಯೂ ಶೋಭೆಗಾಗಿ ಉಳಿದಿದೆ. ಸಾಮಾನ್ಯ ಜರ್ಮನನು ತನ್ನ ಅಜ್ಜನ ಕಾಗದಗಳನ್ನು ಓದಬೇಕಾದರೆ ಆ ಬರಹವನ್ನು ಬೇರೆಯಾಗಿ ಕಲಿಯಬೇಕಾಗಿದೆ. ರೂಪವು ಉಪಯೋಗದಿಂದ ಬೇರ್ಪಟ್ಟರೆ ಬರಿಯ ಅಲಂಕಾರವಾಗಿ ಉಳಿಯುತ್ತದೆಂಬುದಕ್ಕೆ ಇದೇ ಸಾಕ್ಷಿ.

೪

ಅಲಂಕಾರವೆಂಬುದು ಯಾವಾಗಲೂ ಹೊರಗಿನಿಂದ ಅಂಟಿಸಿದುದೆಂದು ಭಾವಿಸಬಾರದು. ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಕ್ಕೆ ಹೋಗಿ ನೆಲಸಿದ ಜರ್ಮನ್ ಒಕ್ಕಲಿಗರು ಮುರಿದಕ್ಷರವನ್ನು ಕೈಬರಹದಲ್ಲಿ ಬೆಳಸಿದರು. ಮಗುವಿನ ಜನ್ಮ ಮತ್ತು ಜ್ಞಾನಸ್ನಾನದ ಪತ್ರವನ್ನು ಹಕ್ಕಿ, ಹೂವು, ಹೃದಯದ ಆಕೃತಿಗಳ ನಡುವೆ ಬಣ್ಣದಲ್ಲಿ ಬರೆದು ಮನೆಯ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಹಳ್ಳಿಯ ಉಪಾಧ್ಯಾಯರು ಮಕ್ಕಳಿಗೆ ಮೇಲ್ಪಂಕ್ತಿಯನ್ನು ಹಾಕಿಕೊಡುವಾಗಲೂ ಇದೇ ಕ್ರಮ. ಕ್ರಿಸ್ಟೊಫರ್ ಡಾಕ್ ಎಂಬ ಉಪಾಧ್ಯಾಯನು ಚೆನ್ನಾಗಿ ಕಲಿತ ಮಗುವಿಗೆ ಹಕ್ಕಿಯನ್ನೋ ಹೂವನ್ನೋ ಬರೆದುಕೊಡುತ್ತಿದ್ದನೆಂದು ಪ್ರಸಿದ್ಧವಾಗಿದೆ. ೧೮೯೭ರಲ್ಲಿ, ಎಂದರೆ ರೈಸರ ಸಂಪುಟಕ್ಕೆ ಒಂದು ವರ್ಷ ಮೊದಲು, ಹೆನ್ರಿ ಮರ್ಸರ್ ಎಂಬ ವಿದ್ವಾಂಸನು ಈ ಕಲೆಯನ್ನು ಕುರಿತು ಲೇಖನವನ್ನು ಬರೆದು, ಇದು ಮಧ್ಯಯುಗದ ಲಿಪಿಕಾರರ ವಿದ್ಯೆಯೇ ಹಳ್ಳಿಗಳಲ್ಲಿ ಉಳಿದುಬಂದಿರುವುದೆಂದು ತೋರಿಸಿದನು.

ಕ್ಷೇಮೇಂದ್ರನ ಔಚಿತ್ಯವಿಚಾರವನ್ನು ಇಲ್ಲಿ ಅನ್ವಯಿಸಿದರೆ ವಿಷಯವು ತಿಳಿಯಾಗುತ್ತದೆ. ಹಾರವು ಕೊರಳಲ್ಲಿದ್ದರೆ ಭೂಷಣ, ಕಾಲಲ್ಲಿದ್ದರೆ ಅಪಹಾಸ್ಯ. ಜನ್ಮಪತ್ರದ ಹೂವು ಆ ಹೆಸರಿಗೆ ಮನೆಯವರು ಕೊಟ್ಟ ಮರ್ಯಾದೆ; ಮದ್ಯದ ಸೀಸೆಯ ಮೇಲಣ ಮುರಿದಕ್ಷರವು ಹಳತನದ ನಟನೆ. ನಮ್ಮಲ್ಲಿಯೂ ಹೊಯ್ಸಳರ ಕಾಲದ ಲಿಪಿಕಾರರು ಶಾಸನದ ಮೊದಲ ಸಾಲಿನ ಗುಡಿಸು, ಎತ್ವಗಳನ್ನು ಮೇಲಣ ಅಂಚಿಗೆ ಬಳ್ಳಿಯಂತೆ ಎಳೆದದ್ದುಂಟು. ಸ್ತುತಿಯು ಆರಂಭವಾಗುವ ಸ್ಥಳದಲ್ಲಿಯೇ ಆ ಬಳ್ಳಿಯೂ ಇರುವುದು. ಭೂಮಿಯ ಎಲ್ಲೆಗಳನ್ನು ಹೇಳುವ ಕಡೆ ಅಂತಹ ವಿಲಾಸವು ಅನುಚಿತ. ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಸಿದ್ಧವಾದ ಸಂತಾನಾಂಬುಜವೆಂಬ ಚಿತ್ರದಲ್ಲಿ ವಂಶಾವಳಿಯನ್ನು ತಾವರೆಯ ಆಕೃತಿಯಲ್ಲಿ ಅಳವಡಿಸಿದುದೂ ಈ ಜಾತಿಯದೇ. ಪೆನ್ಸಿಲ್ವೇನಿಯದ ಒಕ್ಕಲಿಗನೂ ಮೈಸೂರಿನ ಅರಸರೂ ಸಂತಾನದ ಹೆಸರುಗಳಿಗೆ ಹೂವನ್ನೇ ಆರಿಸಿಕೊಂಡರು.

ಬರಹದ ಸಾಧನದಲ್ಲಿ ಮಾತ್ರ ಎರಡು ದೇಶಗಳಿಗೆ ಬಹಳ ಅಂತರ. ಅಲ್ಲಿ ಬಿಳಿಯ ಹಾಳೆಯ ಮೇಲೆ ಕರಿಯ ಅಕ್ಷರ. ನಮ್ಮ ಸೀಮೆಯ ಕಡತವಾದರೋ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಮಡಿಸಿದ ಕರಿಯ ಪುಸ್ತಕ. ಅದರ ಮೇಲೆ ಬಳಪದಿಂದ ಬಿಳಿಯ ಅಕ್ಷರ. ಶ್ಯಾನುಭೋಗರು ಲೆಕ್ಕಪತ್ರಗಳನ್ನು ಅದರಲ್ಲಿ ಮೋಡಿಯಾಗಿ ಬರೆಯುತ್ತಿದ್ದರು. ಜರ್ಮನನು ಅಜ್ಜನ ಕಾಗದವನ್ನು ಓದಲಾರದಂತೆಯೇ ನಮ್ಮ ಹಳ್ಳಿಗಳ ಹೊಸ ತಲೆಯವರು ಆ ಮೋಡಿಯನ್ನು ಓದಲಾರರು. ಅಲ್ಲಿ ಒಂದು ಸುತ್ತೋಲೆಯಿಂದ ಆದದ್ದು ಇಲ್ಲಿ ಯಾರ ಆಜ್ಞೆಯೂ ಇಲ್ಲದೆ ಆಯಿತು.

೫

ಇನ್ನು ಕನ್ನಡದ ಅಚ್ಚಿನ ವಿಷಯ. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ೧೮೧೭ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಯಿತು. ಮರುವರ್ಷವೇ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯವರ ಸ್ಮರಣಾರ್ಥವಾಗಿ ಅರಿಕುಠಾರಕ್ಕೆ ಚಾಮರಾಜನಗರವೆಂದು ಹೆಸರಿಟ್ಟರು. ೧೮೨೬ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಅಲ್ಲಿಯ ವಿಗ್ರಹಗಳ ಪೀಠಗಳಲ್ಲಿ ಹೆಸರುಗಳನ್ನು ಕೆತ್ತಿರುವುದುಂಟು. ಬಂಗಾಳದಲ್ಲಿ ಮೊಳೆಯನ್ನು ಕೊರೆದವನ ಕೈಯೂ ಚಾಮರಾಜನಗರದಲ್ಲಿ ಕಲ್ಲನ್ನು ಕೆತ್ತಿದವನ ಕೈಯೂ ಒಂದೇ ದಶಕಕ್ಕೆ ಸೇರಿದವು. ಅಚ್ಚಿನಕ್ಷರವು ನಾಡಿನ ಬರಹವನ್ನು ಎಷ್ಟರಮಟ್ಟಿಗೆ ಅನುಸರಿಸಿತು, ಎಲ್ಲಿ ಬಿಟ್ಟಿತು ಎಂಬುದನ್ನು ತೂಗಿನೋಡುವವರಿಗೆ ಆ ಪೀಠಗಳ ನಾಮಲೇಖಗಳಿಗಿಂತ ಒಳ್ಳೆಯ ಒರೆಗಲ್ಲು ದೊರೆಯದು.

ಮಂಗಳೂರಿನ ಜರ್ಮನರು ೧೮೪೧ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದಾಗ ಮೊಳೆಯಿಂದಲ್ಲ, ಕಲ್ಲಚ್ಚಿನಿಂದ ಆರಂಭಿಸಿದರು. ೧೮೪೩ರ ಜುಲೈ ೧ರಂದು ಹೊರಟ 'ಮಂಗಳೂರ ಸಮಾಚಾರ'ವೂ, ೧೮೪೮ರಿಂದ ೧೮೫೧ರವರೆಗೆ ಮೋಗ್ಲಿಂಗ್ ಮಹಾಶಯರು ಪ್ರಕಟಿಸಿದ 'ಬಿಬ್ಲಿಯೋಥಿಕ ಕರ್ನಾಟಿಕ' ಮಾಲೆಯ ಜೈಮಿನಿಭಾರತ, ಬಸವಪುರಾಣ ಮೊದಲಾದವೂ ಕಲ್ಲಚ್ಚಿನವು. ಕಲ್ಲಚ್ಚಿನಲ್ಲಿ ಲಿಪಿಕಾರನ ಕೈಯೇ ಪುಟಕ್ಕೆ ಬರುತ್ತದೆ. ಆದುದರಿಂದ ಆ ಪುಸ್ತಕಗಳು ಓಲೆಗೂ ಮೊಳೆಗೂ ನಡುವಣ ಸೇತುವೆಗಳು. ಅನಂತರ ಮೊಳೆಯು ಬಂದಮೇಲೆ ಅವರು ತೋರಿದ ಎಚ್ಚರವು ಸ್ತುತ್ಯವಾದುದು. ಕಿಟ್ಟೆಲ್ ಮಹಾಶಯರ ಶಬ್ದಮಣಿದರ್ಪಣದಲ್ಲಿಯೂ (೧೮೭೨) ನಿಘಂಟಿನಲ್ಲಿಯೂ (೧೮೯೪) ರೂಢಿಯಲ್ಲಿ ಸತ್ತುಹೋಗಿದ್ದ ಶಕಟರೇಫ ಱಕಾರಕ್ಕೂ ರಳವೆನಿಸಿದ ೞಕಾರಕ್ಕೂ ಬೇರೆ ಮೊಳೆಗಳನ್ನು ಬಳಸಿದರು. ದಕ್ಷಿಣದೇಶದ ಲಿಪಿಚರಿತ್ರೆಯನ್ನು ಕುರಿತ ಬರ್ನೆಲ್ಲರ ಗ್ರಂಥವು ೧೮೭೪ರಲ್ಲಿ ಅಚ್ಚಾದದ್ದೂ ಇದೇ ಮುದ್ರಣಾಲಯದಲ್ಲಿ. ಸಕಾರದ ಎರಡು ರೂಪಗಳನ್ನು ಬಾಲ್ಯದಿಂದಲೂ ಓದಿದ ಜನಕ್ಕೆ ರೇಫದ ಎರಡು ರೂಪಗಳ ಬೆಲೆ ಹೊಸದಾಗಿ ತೋರಲಾರದೆಂದು ಊಹಿಸುವುದು ಅಸಂಗತವಲ್ಲ.

೬

ಈಗ ಪ್ರಕೃತವಾದ ನಾಲ್ಕನೆಯ ಸಂಪುಟಕ್ಕೆ ಬರೋಣ. ಅದರಲ್ಲಿ ಪ್ರತಿ ಶಾಸನಕ್ಕೂ ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ, ಕನ್ನಡ ಮೊಳೆಗಳಲ್ಲಿ ಪಾಠ ಎಂದು ಮೂರು ರೂಪಗಳುಂಟು. ನಾಲ್ಕನೆಯದಾದ ಪಡಿಯಚ್ಚು ಆಯ್ದ ಕೆಲವಕ್ಕೆ ಮಾತ್ರ. ಇದರ ಪರಿಣಾಮಗಳನ್ನು ಮೂರಾಗಿ ವಿಂಗಡಿಸುತ್ತೇನೆ.

ಮೊದಲನೆಯದು ಕಾಲನಿರ್ಣಯ. ತೇದಿಯಿಲ್ಲದ ಶಾಸನಗಳಿಗೆ ರೈಸರು ಪ್ರಶ್ನಾರ್ಥಕಚಿಹ್ನೆಯೊಡನೆ ಒಂದು ವರ್ಷವನ್ನು ಸೂಚಿಸಿದ್ದಾರೆ. ಅರಸನ ಹೆಸರಾಗಲಿ ಬೇರೆ ಸುಳಿವಾಗಲಿ ಇಲ್ಲದ ಕಡೆ ಇದಕ್ಕೆ ಹೇತುವು ಅಕ್ಷರದ ರೂಪವೇ ಆಗಿರಬೇಕು. ಆದರೆ ಓದುಗನಿಗೆ ದೊರೆಯುವುದು ಗಂಗರ ಕಾಲದ ವೀರಗಲ್ಲಿಗೂ ಒಡೆಯರ ಕಾಲದ ದಾನಪತ್ರಕ್ಕೂ ಸಮಾನವಾದ ಒಂದೇ ಅಚ್ಚಿನ ಮೊಳೆ. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ, ಪ್ರತಿಜ್ಞೆಯಿದೆ, ನಿಗಮನವಿದೆ, ಹೇತುವು ಮಾತ್ರ ಗುಪ್ತವಾಗಿದೆ. ಧೂಮವನ್ನು ತೋರಿಸದೆ ಪರ್ವತದಲ್ಲಿ ಅಗ್ನಿಯಿದೆಯೆಂದರೆ ನಂಬಬಹುದು, ಪರೀಕ್ಷಿಸಲಾಗದು. ಆ ಪ್ರಶ್ನಾರ್ಥಕಚಿಹ್ನೆಯನ್ನು ಹಾಕಿದ್ದು ರೈಸರ ಪ್ರಾಮಾಣಿಕತೆ. ಅವರ ಬಳಿಕ ಬರೆದವರು ಚಿಹ್ನೆಯನ್ನು ಬಿಟ್ಟು ವರ್ಷವನ್ನು ಮಾತ್ರ ಎತ್ತಿಕೊಂಡರೆ ಅದು ಅವರ ಪ್ರಮಾದ.

ಎರಡನೆಯದು ವರ್ಣಭೇದ. ಹಳೆಯ ಶಾಸನಗಳ ಬರಹದಲ್ಲಿ ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಸಾಮಾನ್ಯವಾಗಿ ಭೇದವಿಲ್ಲ. ಮೊಳೆಯನ್ನು ಜೋಡಿಸುವಾಗ ಎರಡರಲ್ಲೊಂದನ್ನು ಆರಿಸಲೇಬೇಕು. ಆರಿಸಿದ್ದು ಸಂಪಾದಕನ ಅಭಿಪ್ರಾಯ, ಕಲ್ಲಿನ ಸಾಕ್ಷ್ಯವಲ್ಲ. ಇದಕ್ಕೆ ಪ್ರತಿಯಾಗಿ ಱ, ೞಗಳು ಕಲ್ಲಿನಲ್ಲಿರುವಾಗ ಇಂದಿನ ಅಚ್ಚಿನಲ್ಲಿ ಅವನ್ನು ರ, ಳಗಳಾಗಿ ತಿದ್ದುವುದೂ ನಡೆಯುತ್ತದೆ. ತಿಳಿಯುವುದೆಂಬರ್ಥದ ಅಱಿಗೂ ಕತ್ತರಿಸುವುದೆಂಬರ್ಥದ ಅರಿಗೂ, ಜೀವಿಸುವುದೆಂಬರ್ಥದ ಬಾೞ್ಗೂ ಕತ್ತಿಯೆಂಬರ್ಥದ ಬಾಳ್ಗೂ ಇರುವ ಭೇದವು ಹೀಗೆ ಅಳಿಸಿಹೋಗುತ್ತದೆ. ಗಂಗರ ಕಾಲದ ಶಾಸನಗಳಲ್ಲಿ ವೀರರಿಗೆ ಕೊಟ್ಟ ಭೂಮಿಗೆ ಬಾಳ್ಗೞ್ಚು ಎಂಬ ಹೆಸರುಂಟು. ಕತ್ತಿಯನ್ನು ತೊಳೆಯುವುದೆಂದು ಅದರ ಅರ್ಥ. ಪೂರ್ವಪದದಲ್ಲಿ ಳಕಾರ, ಉತ್ತರಪದದಲ್ಲಿ ೞಕಾರ. ಕಾಲಕ್ರಮದಲ್ಲಿ ಕೞ್ಚು ಕರ್ಚಾಯಿತು. ಒಬ್ಬ ಲಿಪಿಕಾರನು ಈ ಎರಡನ್ನು ಸರಿಯಾಗಿ ಬರೆದಿದ್ದಾನೆಯೋ ಬೆರಸಿದ್ದಾನೆಯೋ ಎಂಬುದರಿಂದಲೇ ಅವನ ಕಾಲದ ಉಚ್ಚಾರಣೆಯು ತಿಳಿಯುತ್ತದೆ. ಅಚ್ಚಿನಲ್ಲಿ ತಿದ್ದಿದವನು ಸಾಕ್ಷಿಯ ಬಾಯನ್ನು ಮುಚ್ಚಿದಂತೆ.

ಮೂರನೆಯದು ಲಿಪಿಭೇದ. ವಿಜಯನಗರದ ತಾಮ್ರಶಾಸನಗಳು ಬಹುಮಟ್ಟಿಗೆ ನಂದಿನಾಗರಿಯಲ್ಲಿದ್ದು, ಕೊನೆಯಲ್ಲಿ ಅರಸನ ಒಪ್ಪವಾದ ಶ್ರೀವಿರೂಪಾಕ್ಷ ಎಂ
ಬುದು ಮಾತ್ರ ಕನ್ನಡಕ್ಷರದಲ್ಲಿರುತ್ತದೆ. ಸಂಸ್ಕೃತದ ನಡುವೆ ಕನ್ನಡದ ಆ ಒಂದು ಪದವು ರಾಜನ ಹಸ್ತವೆಂದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ಎಲ್ಲವನ್ನೂ ಕನ್ನಡ ಮೊಳೆಯಲ್ಲಿ ಜೋಡಿಸಿದಾಗ ಈ ವ್ಯತ್ಯಾಸವು ಕಣ್ಣಿಗೆ ಕಾಣದೆ ಒಂದು ಸೂಚನೆಯಾಗಿ ಉಳಿಯುತ್ತದೆ. ಮುರಿದಕ್ಷರದ ನಡುವೆ ದುಂಡು ಅಕ್ಷರದಲ್ಲಿದ್ದ ಲ್ಯಾಟಿನ್ ಪದಗಳಿಗೆ ಹೊಸ ಜರ್ಮನ್ ಮುದ್ರಣಗಳಲ್ಲಿ ಆದ ಗತಿಯೂ ಇದೇ.

ಇಂದಿನ ಗಣಕಯಂತ್ರದ ಅಕ್ಷರಗಳಿಂದ ಈ ದೋಷಗಳು ತಾವಾಗಿಯೇ ಪರಿಹಾರವಾಗುತ್ತವೆಂದು ನಂಬುವವರುಂಟು. ಯೂನಿಕೋಡ್ ಪಟ್ಟಿಯಲ್ಲಿ ಱ, ೞಗಳಿಗೆ ಸ್ಥಾನ ದೊರೆತಿರುವುದು ನಿಜ. ಆದರೆ ಆ ಪಟ್ಟಿಯಲ್ಲಿ ೞಕಾರಕ್ಕೆ ಬಿದ್ದ ಹೆಸರು 'ಫ'! ಹೆಸರು ತಪ್ಪೆಂದು ಅನಂತರ ಒಪ್ಪಿ ಸರಿಯಾದ ಉಪನಾಮವನ್ನು ಸೇರಿಸಿದ್ದಾರೆ. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಕೂಡದೆಂಬ ನಿಯಮವಿರುವುದರಿಂದ ಮೂಲನಾಮವು ಹಾಗೆಯೇ ಉಳಿದಿದೆ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶ್ರಮಪಟ್ಟು ಲಕ್ಷಣವನ್ನು ಹೇಳಿದ ಅಕ್ಷರಕ್ಕೆ ಈ ಗತಿ ಬಂದದ್ದು, ಅಕ್ಷರದ ರೂಪವನ್ನು ಬಲ್ಲವರು ಆ ಸ್ಥಳದಲ್ಲಿ ಇರಲಿಲ್ಲವೆಂಬುದಕ್ಕೆ ಸಾಕಾದ ಜ್ಞಾಪಕ.

೭

ಆದಕಾರಣ ನಿಗಮನವು ಹೀಗೆ. ಶಾಸನದ ಪಾಠವೆಂದರೆ ಪದಗಳು ಮಾತ್ರವಲ್ಲ. ಅಕ್ಷರದ ರೂಪವೂ ಲಿಪಿಭೇದವೂ ಅಲಂಕಾರದ ಸ್ಥಾನವೂ ಪಾಠದ ಅಂಗಗಳು. ಇವನ್ನು ಬಿಟ್ಟ ಮುದ್ರಣವು ಅನುವಾದದಂತೆ ಉಪಯುಕ್ತವಾದುದೇ ಹೊರತು ಮೂಲಕ್ಕೆ ಪ್ರತಿನಿಧಿಯಲ್ಲ.

ಇನ್ನು ಮುಂದೆ ಶಾಸನಗಳನ್ನು ಪ್ರಕಟಿಸುವವರು ಪ್ರತಿಯೊಂದಕ್ಕೂ ಪಡಿಯಚ್ಚನ್ನಾಗಲಿ ಛಾಯಾಚಿತ್ರವನ್ನಾಗಲಿ ಕೊಡಬೇಕು. ೧೮೯೮ರಲ್ಲಿ ಇದಕ್ಕಿದ್ದ ವೆಚ್ಚದ ಅಡ್ಡಿ ಇಂದಿಲ್ಲ. ಸಂಪಾದಕನು ಸೇರಿಸಿದ ದೀರ್ಘವನ್ನೂ ತಿದ್ದಿದ ವರ್ಣವನ್ನೂ ಬೇರೆ ಚಿಹ್ನೆಯಿಂದ ತೋರಿಸಬೇಕು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ೨೦೨೧ರಿಂದ ಆ ಪ್ರಾಂತದ ಕಲ್ಲುಗಳ ಮೂರು ಆಯಾಮಗಳ ಪ್ರತಿಗಳನ್ನು ಯಂತ್ರದಿಂದ ತೆಗೆಯುವ ಕಾರ್ಯವನ್ನು ಕೈಗೊಂಡಿರುವುದು ಮೇಲ್ಪಂಕ್ತಿಯಾಗಿದೆ. ಮಲೆಯೂರಿನ ಕನಕಗಿರಿ, ಉಮ್ಮತ್ತೂರು, ತೆರಕಣಾಂಬಿ, ಗುಂಡ್ಲುಪೇಟೆಯ ವಿಜಯನಾರಾಯಣ ಮತ್ತು ಪರವಾಸುದೇವ ದೇವಾಲಯಗಳ ಕಲ್ಲುಗಳಿಗೂ ಅದೇ ಉಪಚಾರವು ಸಲ್ಲಬೇಕು. ಮಳೆಗಾಳಿಗಳು ಸಂಪಾದಕರಿಗಾಗಿ ಕಾಯುವುದಿಲ್ಲ. ಕಡತದ ಮೋಡಿಯನ್ನು ಓದಬಲ್ಲ ವೃದ್ಧರು ಇರುವಾಗಲೇ ಅವರಿಂದ ಅದನ್ನು ಕಲಿತುಕೊಳ್ಳತಕ್ಕದ್ದು. ಸಾಹಿತ್ಯವನ್ನು ಬೋಧಿಸುವ ಉಪಾಧ್ಯಾಯರು ಹಳಗನ್ನಡದ ಪಾಠವನ್ನು ಹೇಳುವಾಗ ವರ್ಷಕ್ಕೊಮ್ಮೆಯಾದರೂ ವಿದ್ಯಾರ್ಥಿಗಳನ್ನು ಕಲ್ಲಿನ ಬಳಿಗೆ ಕರೆದೊಯ್ದು, ಪುಸ್ತಕದ ಪಾಠವನ್ನು ಅದರೊಡನೆ ಅಕ್ಷರಶಃ ಹೋಲಿಸಿ ಓದಿಸಲಿ. ಈ ಸೂಚನೆಗಳನ್ನು ವಿದ್ವಾಂಸರು ಪರಾಮರ್ಶಿಸಿ, ಯುಕ್ತವೆನಿಸಿದುದನ್ನು ಕೈಗೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.